ಹಳದಿ ಜ್ವರ ಕಾಮಾಲೆಯಲ್ಲ: ದೂರ ದೇಶಕ್ಕೆ ಹೊರಟವರ ಪ್ರಶ್ನೆಗಳು

ಪ್ರಶ್ನೆ: ನನ್ನ ಮಗನಿಗೆ ನೈಜೀರಿಯಾದ ಲಾಗೋಸ್‌ನಲ್ಲಿ ಕೆಲಸ ಸಿಕ್ಕಿದೆ. ಹಳದಿ ಜ್ವರದ ಲಸಿಕೆ ಹಾಕಿಸಲೇಬೇಕೆಂದು ಏಜೆಂಟರು ಹೇಳುತ್ತಾರೆ. ಎರಡು ವರ್ಷದ ಹಿಂದೆ ಅವನಿಗೆ ಕಾಮಾಲೆಯಾಗಿ ನಾಟಿ ಮದ್ದಿನಲ್ಲಿ ಗುಣವಾಗಿತ್ತು. ಒಮ್ಮೆ ಬಂದದ್ದು ಮತ್ತೆ ಬಾರದು, ಲಸಿಕೆ ಬೇಡ ಎಂದು ಮನೆಯ ಹಿರಿಯರು ಹೇಳುತ್ತಾರೆ. ಏನು ಮಾಡಲಿ?
– ಓದುಗರೊಬ್ಬರು, ಕಾಪು

ಉತ್ತರ: ಹಿರಿಯರ ಮಾತಿನಲ್ಲಿ ಎರಡು ಬೇರೆ ಬೇರೆ ಸಂಗತಿಗಳು ಒಂದಾಗಿವೆ. ಕಾಮಾಲೆ ಎಂಬುದು ಒಂದು ರೋಗದ ಹೆಸರಲ್ಲ, ಪಿತ್ತಜನಕಾಂಗಕ್ಕೆ ತೊಂದರೆಯಾದಾಗ ಕಣ್ಣು, ಮೂತ್ರಗಳು ಹಳದಿಯಾಗುವ ಲಕ್ಷಣ. ನಮ್ಮ ಕರಾವಳಿಯಲ್ಲಿ ಅದಕ್ಕೆ ಕಲುಷಿತ ನೀರಿನಿಂದ ಬರುವ ಹೆಪಟೈಟಿಸ್, ಗದ್ದೆ ಕೆಲಸದವರನ್ನು ಕಾಡುವ ಇಲಿ ಜ್ವರ, ಕೆಲವೊಮ್ಮೆ ಮಲೇರಿಯಾ ಕಾರಣ. ಹಳದಿ ಜ್ವರವಾದರೋ ಆಫ್ರಿಕಾ ಮತ್ತು ದಕ್ಷಿಣ, ಮಧ್ಯ ಅಮೆರಿಕಗಳ ಉಷ್ಣವಲಯದಲ್ಲಿ ಮಾತ್ರ ನೆಲೆಯೂರಿರುವ, ಸೊಳ್ಳೆಯಿಂದ ಹರಡುವ ವೈರಸ್ ರೋಗ. ಆದ್ದರಿಂದ ಹಿಂದೆ ಬಂದ ಕಾಮಾಲೆಯಾಗಲಿ, ಹೆಪಟೈಟಿಸ್ ಬಿ ಲಸಿಕೆಯಾಗಲಿ ನಿಮ್ಮ ಮಗನನ್ನು ಇದರಿಂದ ಕಾಯುವುದಿಲ್ಲ.

ಸೋಂಕುಳ್ಳ ಸೊಳ್ಳೆ ಕಚ್ಚಿದ ಮೂರರಿಂದ ಆರು ದಿನಗಳಲ್ಲಿ ಜ್ವರ, ತಲೆನೋವು, ಬೆನ್ನುನೋವು, ವಾಂತಿ ಕಾಣಿಸಿಕೊಳ್ಳುತ್ತವೆ. ಹೆಚ್ಚಿನವರು ಮೂರು ನಾಲ್ಕು ದಿನಗಳಲ್ಲಿ ಚೇತರಿಸಿಕೊಳ್ಳುತ್ತಾರೆ. ಆದರೆ ಕೆಲವರಲ್ಲಿ ಜ್ವರ ಬಿಟ್ಟಿತೆಂದು ನೆಮ್ಮದಿಪಟ್ಟ ಒಂದು ದಿನದೊಳಗೆ ರೋಗ ಮರಳಿ ಬಂದು ಪಿತ್ತಜನಕಾಂಗ, ಮೂತ್ರಪಿಂಡಗಳನ್ನು ಹಿಡಿಯುತ್ತದೆ. ಮೈ ಹಳದಿಯಾಗಿ, ಬಾಯಿ ಮೂಗುಗಳಿಂದ ರಕ್ತ ಒಸರುತ್ತದೆ. ಈ ಹಂತ ತಲುಪಿದವರಲ್ಲಿ ಸುಮಾರು ಅರ್ಧದಷ್ಟು ಜನ ಏಳರಿಂದ ಹತ್ತು ದಿನಗಳಲ್ಲಿ ಸಾಯುತ್ತಾರೆ. ವೈರಸ್ಸನ್ನೇ ಕೊಲ್ಲುವ ನಿರ್ದಿಷ್ಟ ಔಷಧಿ ಇಲ್ಲದಿರುವುದರಿಂದ ಲಸಿಕೆಯೊಂದೇ ಭದ್ರವಾದ ದಾರಿ. ವಿಜ್ಞಾನಿ ಮ್ಯಾಕ್ಸ್ ಥೈಲರ್ 1930ರ ದಶಕದಲ್ಲಿ ಸಿದ್ಧಪಡಿಸಿದ, 1951ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ತಂದುಕೊಟ್ಟ 17ಡಿ ತಳಿಯ ಲಸಿಕೆಯನ್ನೇ ಇಂದಿಗೂ ಬಳಸುತ್ತಿದ್ದೇವೆ.

ಈ ಲಸಿಕೆಯ ವಿಷಯದಲ್ಲಿ ನಮ್ಮ ಸರ್ಕಾರ ಇಷ್ಟು ಬಿಗಿಯಾಗಿರುವುದೇಕೆ ಎಂಬುದನ್ನೂ ಮನೆಯವರಿಗೆ ತಿಳಿಸಿ ಹೇಳಿ. ಭಾರತದಲ್ಲಿ ಈ ವೈರಸ್ ಇಲ್ಲ, ಆದರೆ ಅದನ್ನು ಹರಡಬಲ್ಲ ಈಡಿಸ್ ಈಜಿಪ್ಟಿ ಸೊಳ್ಳೆ, ಅಂದರೆ ಡೆಂಗಿ ತರುವ ಅದೇ ಹಗಲು ಸೊಳ್ಳೆ, ಇಲ್ಲಿದೆ. ಮಳೆಗಾಲದಲ್ಲಿ ಮನೆಯ ಹಿಂದೆ ಬಿದ್ದ ಒಂದು ಗೆರಟೆಯ ನೀರು ಅದಕ್ಕೆ ಸಾಕು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲಾಗಿ ಸತ್ತಾಗ, ಹಳದಿ ಜ್ವರವೇ ಭಾರತಕ್ಕೆ ಬಂದಿತೇ ಎಂದು ವಿಜ್ಞಾನಿಗಳು ಮೊದಲು ಶಂಕಿಸಿದ್ದರು. ಅದು ಉಣ್ಣಿಯಿಂದ ಹರಡುವ ಬೇರೊಂದು ವೈರಸ್, ನಮಗೆಲ್ಲ ಗೊತ್ತಿರುವ ಮಂಗನ ಕಾಯಿಲೆ, ಎಂದು ಆಮೇಲೆ ತಿಳಿಯಿತು. 2016ರಲ್ಲಿ ಅಂಗೋಲಾದಲ್ಲಿ ರೋಗ ಹಬ್ಬಿದಾಗ ಅಲ್ಲಿಂದ ಮರಳಿದ 11 ಮಂದಿಯಲ್ಲಿ ಅದು ಚೀನಾದಲ್ಲಿ ಪತ್ತೆಯಾಯಿತು. ದುಡಿಯಲು ಹೋದವರ ಮೂಲಕವೇ ರೋಗ ಏಷ್ಯಾದ ಬಾಗಿಲಿಗೆ ಬಂದಿತ್ತು.

ಲಸಿಕೆಯನ್ನು ಕೇಂದ್ರ ಆರೋಗ್ಯ ಸಚಿವಾಲಯದ ಮಾನ್ಯತೆ ಪಡೆದ ಕೇಂದ್ರಗಳಲ್ಲಿ ಮಾತ್ರ ಹಾಕಿಸಬೇಕು. ಅವುಗಳ ಪಟ್ಟಿ ಸಚಿವಾಲಯದ ಜಾಲತಾಣದಲ್ಲಿದೆ. ಒಮ್ಮೆ ತೆರೆದ ಸೀಸೆಯನ್ನು ಕೆಲವೇ ಗಂಟೆಗಳಲ್ಲಿ ಮುಗಿಸಬೇಕಾಗುವುದರಿಂದ ಅನೇಕ ಕೇಂದ್ರಗಳು ವಾರದ ನಿಗದಿತ ದಿನಗಳಲ್ಲಷ್ಟೇ ಲಸಿಕೆ ಕೊಡುತ್ತವೆ. ಲಸಿಕೆ ಹಾಕಿಸಿದ್ದಕ್ಕೆ ಕೊಡುವ ಪ್ರಮಾಣಪತ್ರ, ಅಂದರೆ ಹಳದಿ ಪುಸ್ತಿಕೆ, ಊರ್ಜಿತವಾಗುವುದು ಲಸಿಕೆ ಹಾಕಿಸಿದ ಹತ್ತು ದಿನಗಳ ನಂತರ. ವಿಮಾನಕ್ಕೆ ಎರಡು ದಿನ ಉಳಿದಿರುವಾಗ ನನ್ನ ಬಳಿ ಬಂದ ತರುಣನೊಬ್ಬ, ಹಿಂದಿನ ದಿನಾಂಕ ಹಾಕಿಕೊಡಿ ಎಂದು ಕಣ್ಣೀರಿಟ್ಟು ಬೇಡಿದ್ದ. ನಾನು ಒಪ್ಪಲಿಲ್ಲ, ಅವನು ಪ್ರಯಾಣವನ್ನು ಮುಂದೂಡಬೇಕಾಯಿತು. ಹಣ ತೆತ್ತು ಬರಿಯ ಮೊಹರು ಪಡೆದುಕೊಂಡವನ ರಕ್ತದಲ್ಲಿ ರಕ್ಷಣೆ ಇರುವುದಿಲ್ಲವೆಂಬುದನ್ನು ನಿಮ್ಮ ಮಗನಿಗೆ ದಯವಿಟ್ಟು ಹೇಳಿ.

ಪ್ರಶ್ನೆ: ನಾನು ಸರಕು ಹಡಗಿನ ನೌಕರ. 2012ರಲ್ಲಿ ಪಡೆದ ಲಸಿಕೆಯ ಹಳದಿ ಪುಸ್ತಿಕೆಯಲ್ಲಿ ಅವಧಿ 2022ರವರೆಗೆ ಎಂದಿದೆ. ಈಗ ಬ್ರೆಜಿಲ್‌ಗೆ ಹೋಗಬೇಕಾಗಿದೆ. ಮತ್ತೆ ಹಾಕಿಸಬೇಕೇ?
– ಓದುಗರೊಬ್ಬರು, ಸುರತ್ಕಲ್

ಉತ್ತರ: ಬೇಡ. 2016ರ ಜುಲೈ 11ರಿಂದ ಜಾರಿಗೆ ಬಂದ ಅಂತರರಾಷ್ಟ್ರೀಯ ಆರೋಗ್ಯ ನಿಯಮದಂತೆ ಈ ಪ್ರಮಾಣಪತ್ರ ಜೀವಮಾನವಿಡೀ ಸಲ್ಲುತ್ತದೆ, ಹಳೆಯ ಪುಸ್ತಿಕೆಗಳಿಗೂ ಇದು ಅನ್ವಯಿಸುತ್ತದೆ. ಬರೆದಿರುವ ದಿನಾಂಕವನ್ನು ನೀವಾಗಿ ತಿದ್ದಲು ಹೋಗಬೇಡಿ. ತಿದ್ದಿದ ಪುಸ್ತಿಕೆ ಅಸಿಂಧುವಾಗಬಹುದು.

ಪ್ರಶ್ನೆ: ನನ್ನ ತಾಯಿಗೆ 67 ವರ್ಷ. ಮಗಳ ಬಾಣಂತನಕ್ಕೆಂದು ಉಗಾಂಡದ ಕಂಪಾಲಾಕ್ಕೆ ಹೊರಟಿದ್ದಾರೆ. ಸಂಧಿವಾತಕ್ಕೆ ಸ್ಟೀರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತಾರೆ. ಲಸಿಕೆ ಹಾಕಿಸಬಹುದೇ?
– ಓದುಗರೊಬ್ಬರು, ಉಡುಪಿ

ಉತ್ತರ: ಈ ಪತ್ರ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಚಿಂತೆಗೀಡುಮಾಡಿತು. ಇದು ಜೀವಂತ, ಆದರೆ ದುರ್ಬಲಗೊಳಿಸಿದ ವೈರಸ್ಸಿನ ಲಸಿಕೆ. ಅಧಿಕ ಪ್ರಮಾಣದ ಸ್ಟೀರಾಯ್ಡ್ ಅಥವಾ ರೋಗನಿರೋಧಕ ಶಕ್ತಿ ತಗ್ಗಿಸುವ ಇತರ ಔಷಧಿ ಸೇವಿಸುವವರಿಗೆ, ಮೊಟ್ಟೆಯ ತೀವ್ರ ಅಲರ್ಜಿಯುಳ್ಳವರಿಗೆ, ಎದೆಯೊಳಗಿರುವ ಥೈಮಸ್ ಗ್ರಂಥಿಯ ಕಾಯಿಲೆಯುಳ್ಳವರಿಗೆ ಇದನ್ನು ಕೊಡುವುದಿಲ್ಲ. ಅರುವತ್ತು ದಾಟಿದ ಮೇಲೆ ಮೊದಲ ಬಾರಿ ಹಾಕಿಸಿಕೊಳ್ಳುವವರಲ್ಲಿ ಮಿದುಳು ಮತ್ತು ಒಳಾಂಗಗಳಿಗೆ ತಗಲುವ ಗಂಭೀರ ದುಷ್ಪರಿಣಾಮ ಅಪರೂಪವಾದರೂ, ಕಿರಿಯರಲ್ಲಿರುವುದಕ್ಕಿಂತ ಹೆಚ್ಚು. ನಿಮ್ಮ ತಾಯಿಯ ವೈದ್ಯರು ಔಷಧಿಯ ಪ್ರಮಾಣ ನೋಡಿ ನಿರ್ಧರಿಸಬೇಕು. ಲಸಿಕೆಗಾಗಿ ಮಾತ್ರೆಯನ್ನು ತಾವಾಗಿ ನಿಲ್ಲಿಸುವುದು ಅಪಾಯ. ಕೊಡಬಾರದೆಂದಾದರೆ ವಿನಾಯಿತಿ ಪತ್ರ ಸಿಗುತ್ತದೆ, ಆದರೆ ಆ ಪತ್ರ ಸೊಳ್ಳೆಯನ್ನು ತಡೆಯದು. ಮೇಲಾಗಿ ಮರಳುವಾಗ ನಮ್ಮ ವಿಮಾನ ನಿಲ್ದಾಣದ ಆರೋಗ್ಯಾಧಿಕಾರಿಗಳು ಅದನ್ನು ಪರಿಶೀಲಿಸಿಯೇ ತೀರ್ಮಾನಿಸುತ್ತಾರೆ. ಪ್ರಮಾಣಪತ್ರವಿಲ್ಲದವರನ್ನು ಆರು ದಿನ ಪ್ರತ್ಯೇಕವಾಗಿರಿಸುವ ನಿಯಮವಿದೆ. ಸಾಧ್ಯವಿದ್ದರೆ ಮಗಳೇ ಹೆರಿಗೆಗೆ ಊರಿಗೆ ಬರಲಿ ಎಂಬುದು ನನ್ನ ಸಲಹೆ.

ತಾಯಿಯವರು ಹೋಗಿಯೇ ಬಂದರೆ, ಮರಳಿದ ಒಂದು ವಾರದೊಳಗೆ ಜ್ವರ ಬಂದಲ್ಲಿ ಹಗಲಿನಲ್ಲೂ ಸೊಳ್ಳೆಪರದೆಯೊಳಗೆ ಮಲಗಿಸಿ, ಆಸ್ಪಿರಿನ್ ಕೊಡದೆ ಆಸ್ಪತ್ರೆಗೆ ಕರೆದೊಯ್ಯಿರಿ, ಮತ್ತು ಉಗಾಂಡದಿಂದ ಬಂದವರೆಂಬುದನ್ನು ವೈದ್ಯರಿಗೆ ಮೊದಲ ಮಾತಾಗಿ ತಿಳಿಸಿರಿ.