ಹೆಪಟೈಟಿಸ್ ಬಿ ಕಣಗಳು ಕೋಶಕೇಂದ್ರದ ಅಂಚಿನಲ್ಲೇ ನಿಂತುಬಿಟ್ಟಿವೆ, ಡಿಜಿಟೋನಿನ್ ಹೆಚ್ಚಿಸಲೇ?

ಹೆಚ್ಚಿಸಬೇಡಿ. ಮಿಕ್ಕಿದ್ದನ್ನು ಆಮೇಲೆ ಓದಿ, ಮೊದಲು ಪೊರೆ ತೂತು ಮಾಡುವ ಆ ಡಿಜಿಟೋನಿನ್ ಬಾಟಲಿಯನ್ನು ತೆಗೆದು ಫ್ರಿಜ್‌ನೊಳಗೆ ಇಡಿ.

ದಿನವೂ ಮಂಡ್ಯದಿಂದ ಮೈಸೂರಿಗೆ ರೈಲಿನಲ್ಲಿ ಓಡಾಡಿಕೊಂಡು ಪಿಎಚ್.ಡಿ. ಮಾಡುತ್ತಿದ್ದೇನೆ ಎಂದಿದ್ದೀರಿ. ಬ್ಯಾಕ್ಟೀರಿಯಾದಲ್ಲಿ ತಯಾರಿಸಿ, ಕೈನೇಸ್ ಎಂಬ ಕಿಣ್ವ ಹಾಕಿ ಫಾಸ್ಫೇಟ್ ಅಂಟಿಸಿದ ಕ್ಯಾಪ್ಸಿಡ್‌ಗಳು, ಅಂದರೆ ವೈರಸ್ಸಿನ ಪ್ರೋಟೀನ್ ಚಿಪ್ಪುಗಳು, ಕೋಶಕೇಂದ್ರದ ಸುತ್ತ ಉಂಗುರದಂತೆ ನಿಲ್ಲುತ್ತವೆ, ಒಳಕ್ಕೆ ಹೋಗುವುದಿಲ್ಲ, ಗೈಡ್ ಮುಖ ಸಿಂಡರಿಸುತ್ತಾರೆ, ಡಿಜಿಟೋನಿನ್ ಹೆಚ್ಚಿಸುವುದೋ ವಿಷಯವನ್ನೇ ಬದಲಿಸುವುದೋ ಎಂದು ಕೇಳಿದ್ದೀರಿ. ಓದುವಾಗ ನನ್ನದೇ ಹಳೆಯ ಡೈರಿಯನ್ನು ಯಾರೋ ಗಟ್ಟಿಯಾಗಿ ಓದಿದಂತಾಯಿತು.

2013ರಲ್ಲಿ ಮೈಸೂರಿನ ಒಂದು ಪ್ರಯೋಗಾಲಯದಲ್ಲಿ ನಾನು ಇದೇ ಕೆಲಸಕ್ಕೆ ಕೈ ಹಾಕಿದ್ದೆ. ಅದರ ಹಿಂದಿನ ವರ್ಷವಷ್ಟೇ ಬೀಜಿಂಗ್‌ನಲ್ಲಿ ವೆನ್‌ಹುಯಿ ಲಿ ಅವರ ತಂಡ ಈ ವೈರಸ್ ಯಕೃತ್ತಿನ ಕೋಶವನ್ನು ಹೊಗಲು ಹಿಡಿಯುವ ಗ್ರಾಹಕ ಎನ್‌ಟಿಸಿಪಿ ಎಂದು ತೋರಿಸಿತ್ತು. ಎಲ್ಲರಿಗೂ ಆ ಹೊರಬಾಗಿಲಿನದೇ ಧ್ಯಾನ. ನಾನು ಜಾಣನೆಂದುಕೊಂಡು ಒಳಬಾಗಿಲನ್ನು ಆರಿಸಿಕೊಂಡೆ: ಕೋಶದೊಳಗೆ ಬಂದ ಕಣ ಕೇಂದ್ರದೊಳಕ್ಕೆ ಹೇಗೆ ದಾಟುತ್ತದೆ?

ನೀವು ಮಂಡ್ಯದವರು, ನಿಮಗೆ ಸುಲಭವಾಗಿ ಹೇಳಬಹುದು. ಕಬ್ಬು ಅರೆಯುವ ಕಾಲದಲ್ಲಿ ಟ್ರ್ಯಾಕ್ಟರಿನ ಮೇಲೆ ಕಬ್ಬು ಪೇರಿಸಿಕೊಂಡು ರೈಲ್ವೆ ಕೆಳಸೇತುವೆಯಲ್ಲಿ ತೂರಿಸುವುದನ್ನು ನೋಡಿರುತ್ತೀರಿ. ಮೇಲಿನ ಜಲ್ಲೆಗಳು ಸೇತುವೆಯ ಹೊಟ್ಟೆಗೆ ಸವರುತ್ತಿರುತ್ತವೆ, ಆದರೂ ಗಾಡಿ ದಾಟುತ್ತದೆ. ಈ ಕ್ಯಾಪ್ಸಿಡ್ಡಿನದೂ ಅದೇ ಕಥೆ. ಕೋರ್ ಪ್ರೋಟೀನಿನ 240 ಪ್ರತಿಗಳು ಸೇರಿ ಕಟ್ಟಿದ ಚಿಪ್ಪು, ಸುಮಾರು 36 ನ್ಯಾನೋಮೀಟರ್ ಅಗಲ. ನೆಲ್ಲಿ ಪಾಂಟೆ ಮತ್ತು ಮೈಕೆಲ್ ಕಾನ್ 2002ರಲ್ಲಿ ಕಪ್ಪೆಯ ಅಂಡಕೋಶಗಳಿಗೆ ಚಿನ್ನದ ಕಣಗಳನ್ನು ಚುಚ್ಚಿ, ಕೇಂದ್ರಪೊರೆಯ ರಂಧ್ರದಲ್ಲಿ ಸುಮಾರು 39 ನ್ಯಾನೋಮೀಟರ್ ಗಾತ್ರದ ಸರಕಿನವರೆಗೂ ದಾಟಬಹುದು ಎಂದು ತೋರಿಸಿದ್ದರು. ಅಂದರೆ ಉಳಿಯುವ ಜಾಗ ಮೂರು ನ್ಯಾನೋಮೀಟರ್. ಬೇರೆ ಎಷ್ಟೋ ವೈರಸ್‌ಗಳು ಬಾಗಿಲ ಹೊರಗೇ ಚಿಪ್ಪು ಕಳಚುತ್ತವೆ. ಇದು ಇಡೀ ಗಾಡಿಯನ್ನೇ ಒಳಗೆ ನುಗ್ಗಿಸುತ್ತದೆ. ಈ ಒಂದು ಚಿತ್ರಕ್ಕೆ ಮರುಳಾಗಿ ನಾನು ಐದು ವರ್ಷ ಬರೆದುಕೊಟ್ಟೆ.

ನಮ್ಮ ಪ್ರಯೋಗ ನಿಮ್ಮದೇ ರೀತಿಯದು. ಹ್ಯೂ-7 ಎಂಬ ಯಕೃತ್ತಿನ ಕ್ಯಾನ್ಸರ್ ಕೋಶಗಳಿಗೆ ಡಿಜಿಟೋನಿನ್ ಹಾಕಿ ಹೊರಪೊರೆಯನ್ನು ತೂತು ಮಾಡುವುದು, ಮೊಲದ ರಕ್ತಕೋಶಗಳ ರಸ ಮತ್ತು ಶಕ್ತಿ ಒದಗಿಸುವ ಎಟಿಪಿ ಸೇರಿಸುವುದು, ಕ್ಯಾಪ್ಸಿಡ್ ಸುರಿಯುವುದು, ಆಮೇಲೆ ಪ್ರತಿಕಾಯದಿಂದ ಹಸಿರು ಬಣ್ಣ ಕಟ್ಟಿ ಕನ್‌ಫೋಕಲ್ ಸೂಕ್ಷ್ಮದರ್ಶಕದಲ್ಲಿ ನೋಡುವುದು. ಸೂಕ್ಷ್ಮದರ್ಶಕ ನಮಗೆ ಸಿಗುತ್ತಿದ್ದದ್ದು ವಾರಕ್ಕೆ ಎರಡು ಗಂಟೆ. ಮೊದಲ ಸಲ ಡಿಜಿಟೋನಿನ್ ಮಿಲಿಲೀಟರಿಗೆ 40 ಮೈಕ್ರೋಗ್ರಾಂ, ಮಂಜುಗಡ್ಡೆಯ ಮೇಲೆ ಐದು ನಿಮಿಷ. ಕಂಡದ್ದು ಉಂಗುರ. ಸೂಜಿಯಲ್ಲಿ ಪೋಣಿಸಿದ ಹಾಗೆ ಸಣ್ಣ ಸಣ್ಣ ಹಸಿರು ಚುಕ್ಕೆಗಳು ಕೇಂದ್ರದ ಸುತ್ತ, ನಡುವೆ ಕತ್ತಲೆ. ಫೋಕಸ್ಸನ್ನು ಕೇಂದ್ರದ ನೆತ್ತಿಗೆ ಏರಿಸಿದರೆ ಅದೇ ಉಂಗುರ ಎಳ್ಳು ಚೆಲ್ಲಿದಂತೆ ಕಾಣುತ್ತಿತ್ತು. ಎಷ್ಟು ಚೆಂದದ ಚಿತ್ರ! ನಾನು ಅದನ್ನು ‘ವಿಫಲ’ ಎಂಬ ಫೋಲ್ಡರಿಗೆ ಹಾಕಿದೆ.

ಏಕೆಂದರೆ ನನಗೆ ಬೇಕಿದ್ದದ್ದು ಕೇಂದ್ರ ತುಂಬ ಹಸಿರು. ಹಾಗಾಗಿ ಡಿಜಿಟೋನಿನ್ನನ್ನು 60ಕ್ಕೆ ಏರಿಸಿದೆ, ಆಮೇಲೆ 100ಕ್ಕೆ. ಮಂಜುಗಡ್ಡೆ ಬಿಟ್ಟು ಏಪ್ರಿಲ್ ತಿಂಗಳ ಮೈಸೂರಿನ ಸೆಕೆಯಲ್ಲಿ ಹತ್ತು ನಿಮಿಷ ಇಟ್ಟೆ. ಮೂರನೆಯ ವಾರ ಕೇಂದ್ರಗಳು ಹಸಿರಾದವು. ಬಟಾಣಿ ಕಾಳಿನ ಹಾಗೆ ಭರ್ತಿ ಹಸಿರು. ಆ ಸಂಜೆ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಒಬ್ಬನೇ ನಗುತ್ತ ಎರಡು ಸುತ್ತು ಹಾಕಿದೆ.

ಈಗ ತಪ್ಪನ್ನು ಬಿಡಿಸಿ ಹೇಳುತ್ತೇನೆ. ಉದ್ದವಾಗುತ್ತದೆ, ಕ್ಷಮಿಸಿ, ಇದನ್ನು ಚಿಕ್ಕದಾಗಿ ಹೇಳಲು ನನಗೆ ಇವತ್ತಿಗೂ ಬರುವುದಿಲ್ಲ.

ಡಿಜಿಟೋನಿನ್ ತೂತು ಮಾಡುವುದು ಕೊಲೆಸ್ಟರಾಲ್ ಇರುವ ಕಡೆ. ಕೋಶದ ಹೊರಪೊರೆಯಲ್ಲಿ ಕೊಲೆಸ್ಟರಾಲ್ ಧಾರಾಳ, ಕೇಂದ್ರದ ಪೊರೆಯಲ್ಲಿ ಕಡಿಮೆ. ಆ ವ್ಯತ್ಯಾಸವೇ ಈ ಪ್ರಯೋಗದ ಬಂಡವಾಳ: ಹೊರಗೋಡೆ ಬೀಳಬೇಕು, ಒಳಗೋಡೆ ನಿಲ್ಲಬೇಕು. ಆದರೆ ಕೊಲೆಸ್ಟರಾಲ್ ಕಡಿಮೆ ಎಂದರೆ ಇಲ್ಲವೇ ಇಲ್ಲ ಎಂದಲ್ಲ. ಹೆಚ್ಚು ಹಾಕಿದರೆ, ಬೆಚ್ಚಗೆ ಇಟ್ಟರೆ, ಒಳಗೋಡೆಯೂ ಹೋಗುತ್ತದೆ. ಇನ್ನೊಂದು ವಿಷಯ: ಇದು ಡಿಜಿಟಾಲಿಸ್ ಗಿಡದಿಂದ ತೆಗೆಯುವ ಪದಾರ್ಥ, ಒಂದು ಬ್ಯಾಚಿನ ಶುದ್ಧತೆ ಇನ್ನೊಂದಕ್ಕಿಲ್ಲ. ಬೇರೆಯವರ ಪ್ರಬಂಧದ 40 ನಿಮ್ಮ ಬಾಟಲಿಯ 40 ಅಲ್ಲ. ಹೊಸ ಬಾಟಲಿ ಬಂದಾಗಲೆಲ್ಲ ಮತ್ತೆ ಅಳತೆ ಹಿಡಿಯಬೇಕು.

ಒಳಗೋಡೆ ನಿಂತಿದೆಯೇ ಎಂದು ತಿಳಿಯಲು ಡೆಕ್ಸ್‌ಟ್ರಾನ್ ಹಾಕುತ್ತಾರೆ. 70 ಕಿಲೋಡಾಲ್ಟನ್ ತೂಕದ, ಬಣ್ಣ ಕಟ್ಟಿದ ಸಕ್ಕರೆಯ ಸರಪಳಿ. ಅದಕ್ಕೆ ಒಳಗೆ ಹೋಗಲು ಯಾವ ಸಂಕೇತವೂ ಇಲ್ಲ, ರಂಧ್ರದಲ್ಲಿ ತಾನಾಗಿ ನುಸುಳುವಷ್ಟು ಚಿಕ್ಕದೂ ಅಲ್ಲ. ಕೇಂದ್ರ ಗಟ್ಟಿಯಾಗಿದ್ದರೆ ಹೊರಗೆಲ್ಲ ಬಣ್ಣ, ಒಳಗೆ ಕಪ್ಪು. ನಮ್ಮ ಫ್ರಿಜ್‌ನಲ್ಲಿ ಆ ಡೆಕ್ಸ್‌ಟ್ರಾನ್ ಇತ್ತು. ಹಾಕಲಿಲ್ಲ. ಸೂಕ್ಷ್ಮದರ್ಶಕದ ಎರಡು ಗಂಟೆಯಲ್ಲಿ ಆರು ಸ್ಲೈಡ್ ನೋಡಬಹುದಾಗಿತ್ತು. ಅದರಲ್ಲೊಂದನ್ನು ಸಕ್ಕರೆಗೆ ಯಾಕೆ ಕೊಡಬೇಕು ಎಂಬ ಜಿಪುಣತನ.

ಅಷ್ಟೇ ಆಗಿದ್ದರೆ ಅಜಾಗರೂಕತೆ ಎನ್ನಬಹುದಿತ್ತು. ನಿಜವಾದ ತಪ್ಪು ಇನ್ನೂ ಕೆಳಗಿದೆ. ಫಾಸ್ಫೇಟ್ ಅಂಟಿಸದ ಕ್ಯಾಪ್ಸಿಡ್‌ಗಳ ಒಂದು ಸ್ಲೈಡ್ ನನ್ನ ಬಳಿಯೇ ಇತ್ತು. ಕೋರ್ ಪ್ರೋಟೀನಿನ ಕೊನೆಯಲ್ಲಿ ಅರ್ಜಿನೈನ್ ತುಂಬಿದ ಒಂದು ಬಾಲವಿದೆ, ಕೇಂದ್ರಕ್ಕೆ ಕರೆದೊಯ್ಯುವ ಚೀಟಿ ಇರುವುದು ಅದರಲ್ಲೇ. ಫಾಸ್ಫೇಟ್ ಇಲ್ಲದಾಗ ಬಾಲ ಚಿಪ್ಪಿನ ಒಳಗೆ ಮುದುಡಿಕೊಂಡಿರುತ್ತದೆ. ಫಾಸ್ಫೇಟ್ ಬಿದ್ದಾಗ ಹೊರಕ್ಕೆ ಚಾಚುತ್ತದೆ, ಸರಕು ಸಾಗಿಸುವ ಪ್ರೋಟೀನ್ ಇಂಪಾರ್ಟಿನ್ ಆಲ್ಫಾ ಅದನ್ನು ಹಿಡಿಯುತ್ತದೆ, ಇಂಪಾರ್ಟಿನ್ ಬೀಟಾ ಆಲ್ಫಾವನ್ನು ಹಿಡಿದು ರಂಧ್ರದೊಳಕ್ಕೆ ಎಳೆಯುತ್ತದೆ. ಆದ್ದರಿಂದ ಫಾಸ್ಫೇಟ್ ಇಲ್ಲದ ಕಣ ಅಂಚಿನಲ್ಲಿ ಕೂಡ ಕಾಣಬಾರದು. ನನ್ನ ಸ್ಲೈಡಿನಲ್ಲಿ ಅದು ಕೇಂದ್ರ ತುಂಬ ಹೊಳೆಯುತ್ತಿತ್ತು! ಚೀಟಿ ಇಲ್ಲದವನೂ ಒಳಗೆ ಕುಳಿತಿದ್ದಾನೆ ಎಂದರೆ ಬಾಗಿಲು ಕೆಲಸ ಮಾಡುತ್ತಿಲ್ಲ, ಗೋಡೆಯೇ ಬಿದ್ದಿದೆ ಎಂದಲ್ಲವೇ ಅರ್ಥ? ಅದನ್ನು ನೋಡಿದೆ. ನೋಡಿ, ನೋಟ್‌ಬುಕ್ಕಿನಲ್ಲಿ ‘ಹಿನ್ನೆಲೆ ಬಣ್ಣ ಜಾಸ್ತಿ’ ಎಂದು ಬರೆದು ಪುಟ ಮಗುಚಿದೆ. ಆ ಪುಟ ಇನ್ನೂ ಇದೆ. ನೀಲಿ ಶಾಯಿ, ಕೆಳಗೆ ಕಾಫಿಯ ಕಲೆ.

ಏಳು ತಿಂಗಳು ಆ ಸುಳ್ಳಿನ ಮೇಲೆ ಅಟ್ಟಣಿಗೆ ಕಟ್ಟಿದೆ. ಒಂದು ಪೋಸ್ಟರ್ ಕೂಡ ಹಾಕಿದೆ. ಪ್ರಬಂಧ ಸಲ್ಲಿಸುವ ಮುಂಚಿನ ಸೆಮಿನಾರಿನಲ್ಲಿ ಹೊರಗಿನಿಂದ ಬಂದಿದ್ದ ಹಿರಿಯ ಮೇಡಂ ಒಬ್ಬರು ಚಿತ್ರಗಳನ್ನೆಲ್ಲ ನೋಡಿ, ಕನ್ನಡಕ ತೆಗೆದು ಒರೆಸುತ್ತ, ‘ಡೆಕ್ಸ್‌ಟ್ರಾನ್ ಚಿತ್ರ ಎಲ್ಲಿದೆಯಪ್ಪ?’ ಎಂದು ಕೇಳಿದರು. ಅಷ್ಟೇ ಕೇಳಿದ್ದು. ಮಾರನೆಯ ದಿನ ಡೆಕ್ಸ್‌ಟ್ರಾನ್ ಹಾಕಿ ನೋಡಿದೆ. ಕೇಂದ್ರಗಳೆಲ್ಲ ಬಣ್ಣದಿಂದ ತುಂಬಿ ತುಳುಕುತ್ತಿದ್ದವು. ಒಂದು ಅಧ್ಯಾಯ ಪೂರ್ತಿ ಹೋಯಿತು. ಫೆಲೋಶಿಪ್ ಅಷ್ಟರಲ್ಲಿ ಮುಗಿದಿತ್ತು. ಮಿಕ್ಕ ಪ್ರಯೋಗಗಳನ್ನು ಸರಸ್ವತಿಪುರದಲ್ಲಿ ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರದ ಟ್ಯೂಷನ್ ಹೇಳಿಕೊಂಡು ಮಾಡಿದೆ.

ನನ್ನ ಹೊಟ್ಟೆ ಉರಿಸುವುದು ಇದು: ಕಾನ್ ಮತ್ತು ಸಂಗಡಿಗರು ಈ ಉಂಗುರವನ್ನು 1999ರಲ್ಲೇ ಅಚ್ಚು ಹಾಕಿಸಿದ್ದರು. ಫಾಸ್ಫೇಟ್ ಇದ್ದ ಕಣಗಳು ರಂಧ್ರಕ್ಕೆ ಅಂಟುತ್ತವೆ, ಇಲ್ಲದವು ಅಂಟುವುದಿಲ್ಲ. ನಾನು ಅದನ್ನು ಓದಿದ್ದೆ. ಹಳೆಯ ಪ್ರಬಂಧ, ಆಗಿನ ಸೂಕ್ಷ್ಮದರ್ಶಕ ಮಂದವಾಗಿದ್ದಿರಬೇಕು ಎಂದು ನನಗೆ ನಾನೇ ತೀರ್ಪು ಕೊಟ್ಟುಕೊಂಡಿದ್ದೆ.

ಹಾಗಾಗಿ ನಿಮ್ಮ ಪ್ರಶ್ನೆಯ ಬುಡವನ್ನೇ ನಾನು ಒಪ್ಪುವುದಿಲ್ಲ. ‘ಒಳಗೆ ಹೋಗುತ್ತಿಲ್ಲ’ ಎಂದಿದ್ದೀರಿ. ನೀವು ತಯಾರಿಸಿದ ಕಣ ಹೋಗಬಾರದು. ರಂಧ್ರದ ಒಳಬದಿಯಲ್ಲಿ ಬುಟ್ಟಿಯಂಥ ಒಂದು ರಚನೆ ಇದೆ, ಅಲ್ಲಿ ನಪ್153 ಎಂಬ ಪ್ರೋಟೀನ್ ಕ್ಯಾಪ್ಸಿಡ್ಡನ್ನು ತಡೆದು ಹಿಡಿದುಕೊಳ್ಳುತ್ತದೆ. ಒಳಗೆ ವೈರಸ್ಸಿನ ಡಿಎನ್‌ಎ ಪಕ್ವವಾಗಿರುವ ಕ್ಯಾಪ್ಸಿಡ್ ಆದರೆ ಅಲ್ಲಿಂದ ಮುಂದಕ್ಕೆ ಡಿಎನ್‌ಎಯನ್ನು ಒಪ್ಪಿಸುತ್ತದೆ. ಬ್ಯಾಕ್ಟೀರಿಯಾದಲ್ಲಿ ಕಟ್ಟಿದ ನಿಮ್ಮ ಚಿಪ್ಪಿನೊಳಗೆ ಇರುವುದು ಬ್ಯಾಕ್ಟೀರಿಯಾದ್ದೇ ಆರ್‌ಎನ್‌ಎ. ಅದು ಬುಟ್ಟಿಯಲ್ಲೇ ಕೂರುತ್ತದೆ. ಬೆಳಕಿನ ಸೂಕ್ಷ್ಮದರ್ಶಕಕ್ಕೆ ರಂಧ್ರವೂ ಒಂದೇ ಬುಟ್ಟಿಯೂ ಒಂದೇ, ಎರಡೂ ಉಂಗುರ. ನಿಮ್ಮ ಪ್ರಯೋಗ ಕೆಟ್ಟಿಲ್ಲ, ಸರಿಯಾಗಿಯೇ ನಡೆದಿದೆ. ಗೈಡ್‌ಗೆ ಹಾಗೆಂದು ಹೇಳಲು ಧೈರ್ಯ ಬೇಕು, ಅದು ಬೇರೆ ಮಾತು.

ವಿಷಯ ಬದಲಿಸುವುದೂ ಬೇಡ. ಮದ್ದೂರಿನಲ್ಲಿ ನನ್ನ ಸೋದರಮಾವ ಇದೇ ಕಾಯಿಲೆಗೆ ವರ್ಷಗಳಿಂದ ಟೆನೊಫೊವಿರ್ ನುಂಗುತ್ತಿದ್ದಾರೆ. ವೈರಸ್ ಲೆಕ್ಕಕ್ಕೇ ಸಿಗದಷ್ಟು ಇಳಿದಿದೆ ಎಂದು ವರದಿ ಬಂದಾಗ, ‘ಇನ್ನು ಮಾತ್ರೆ ಬಿಡಬಹುದೇನಯ್ಯಾ?’ ಎಂದು ಕೇಳಿದರು. ವೈದ್ಯರನ್ನು ಕೇಳದೆ ಬಿಡಬೇಡಿ ಎಂದೆ. ಕೇಂದ್ರದೊಳಗೆ ತಲುಪಿದ ಡಿಎನ್‌ಎ ತನ್ನ ಹರಕುಗಳನ್ನು ನಮ್ಮ ಕೋಶದ ಕೈಯಲ್ಲೇ ಹೊಲಿಸಿಕೊಂಡು ಮುಚ್ಚಿದ ಬಳೆಯಾಗುತ್ತದೆ, ಮಾತ್ರೆ ಹೊಸ ನಕಲು ತಯಾರಾಗುವುದನ್ನು ತಡೆಯುತ್ತದೆ, ಆ ಮೂಲಪ್ರತಿಯನ್ನು ಕೀಳುವುದಿಲ್ಲ ಎಂದು ವಿವರಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಾಗಾದರೆ ಪಹಣಿಯಲ್ಲಿ ಅವನ ಹೆಸರು ಕೂತುಬಿಟ್ಟಿದೆ ಎನ್ನು’ ಎಂದರು. ನಮ್ಮ ವಿಭಾಗದ ಯಾರೂ ಇಷ್ಟು ಚೆನ್ನಾಗಿ ಹೇಳಿದ್ದನ್ನು ನಾನು ಕೇಳಿಲ್ಲ. ಆ ಹೆಸರು ಸೇರುವ ಮುಂಚಿನ ಕೊನೆಯ ಬಾಗಿಲಿನ ಮುಂದೆ ನೀವು ನಿಂತಿದ್ದೀರಿ, ಈಗ ಹಿಂದಿರುಗಿ ಇನ್ನೊಂದು ವಿಷಯ ಹುಡುಕುತ್ತೀರಾ?

ಗೋಧಿ ಮೊಳಕೆಯ ಲೆಕ್ಟಿನ್ ಹಾಕಿ ರಂಧ್ರ ಮುಚ್ಚಿಸಿ ನೋಡುವುದು, ಎಟಿಪಿ ತೆಗೆದು ನೋಡುವುದು, ಇವೆಲ್ಲ ನಿಮಗೆ ಗೊತ್ತಿರುತ್ತದೆ, ಮಾಡಿ. ಆದರೆ ಈ ವಾರ ಎರಡೇ ಸ್ಲೈಡ್ ಸಾಕು. ಒಂದಕ್ಕೆ ನಿಮ್ಮ ಈಗಿನ ಡಿಜಿಟೋನಿನ್ ಅಳತೆಯಲ್ಲಿ ಡೆಕ್ಸ್‌ಟ್ರಾನ್, ಇನ್ನೊಂದಕ್ಕೆ ಫಾಸ್ಫೇಟ್ ಇಲ್ಲದ ಕ್ಯಾಪ್ಸಿಡ್. ಎರಡರಲ್ಲೂ ಕೇಂದ್ರ ಕಪ್ಪಾಗಿದ್ದರೆ ನಿಮ್ಮ ಉಂಗುರ ನಿಜವಾದದ್ದು, ಮುದ್ರಿಸಿ ಗೈಡ್ ಮೇಜಿನ ಮೇಲಿಡಿ. ಹಸಿರಾಗಿದ್ದರೆ ನನಗೆ ಬರೆಯಿರಿ, ಬೈಯುವುದಿಲ್ಲ.