ಊರಿಗಾಗಿ ಕಂಪನಿ ಮಾಡ್ತೀರಿ ಸರಿ, ದುಡ್ಡು ಕೊಡೋರು ಯಾರು?

ಪ್ರಶ್ನೆ: ನನಗೆ 31 ವರ್ಷ, ಶ್ರೀನಿವಾಸಪುರ ತಾಲ್ಲೂಕಿನವನು. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯಲ್ಲಿ ಎಂಟು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಟೊಮೆಟೊ ಬೆಳೆಗಾರರು ಮಂಡಿಗೆ ಹೋಗದೆ ದೊಡ್ಡ ಖರೀದಿದಾರರಿಗೆ ನೇರವಾಗಿ ಮಾರಲಿ ಅಂತ ಒಂದು ಆ್ಯಪ್ ಮಾಡಿದೆ. ರೈತರಿಗೆ ಪೂರ್ತಿ ಉಚಿತ. ಊರಿನವರು ಡೌನ್‌ಲೋಡ್ ಮಾಡಿಕೊಂಡರು, ಆದರೆ ಯಾರೂ ಬಳಸುತ್ತಿಲ್ಲ. ಕೆಲಸ ಬಿಟ್ಟು ಪೂರ್ತಿ ಇದಕ್ಕೇ ಕೂತರೆ ಸರಿಹೋಗುತ್ತಾ? ಅಪ್ಪ ಬೇಡ ಅಂತಿದ್ದಾರೆ.

ಉತ್ತರ: ಈಗಲೇ ರಾಜೀನಾಮೆ ಕೊಡಬೇಡಿ. ಅಪ್ಪ ಬೇಡ ಅಂದರು ಅಂತಲ್ಲ. ಆ್ಯಪ್ ಯಾಕೆ ಓಡುತ್ತಿಲ್ಲ ಅನ್ನೋದು ನಿಮಗಿನ್ನೂ ಗೊತ್ತಾಗಿಲ್ಲ, ಅದಕ್ಕೆ.

ಒಂದು ದಿನ ರಜೆ ಹಾಕಿ ಬೆಳಿಗ್ಗೆಯೇ ಕೋಲಾರ ಎಪಿಎಂಸಿಗೆ ಹೋಗಿ. ಲ್ಯಾಪ್‌ಟಾಪ್ ಬೇಡ. ಹರಾಜನ್ನೂ ನೋಡಬೇಡಿ, ಅದನ್ನು ಎಲ್ಲರೂ ನೋಡುತ್ತಾರೆ, ವಿಡಿಯೊ ಮಾಡಿಕೊಂಡು ಬರುತ್ತಾರೆ. ಪರಿಚಯದ ರೈತರೊಬ್ಬರ ಜೊತೆ ಮಂಡಿ ಗುಮಾಸ್ತರ ಟೇಬಲ್ ಪಕ್ಕ ನಿಂತು, ರೈತರ ಕೈಗೆ ಬರುವ ಪಟ್ಟಿ, ಅಂದರೆ ಮಾರಾಟದ ಲೆಕ್ಕದ ಚೀಟಿ, ಓದಿ. ಎಷ್ಟು ಬಾಕ್ಸ್, 15 ಕೆ.ಜಿ. ಬಾಕ್ಸಿಗೆ ಏನು ರೇಟು, ಗಾಡಿ ಬಾಡಿಗೆ, ಹಮಾಲಿ. ಅದರ ಕೆಳಗೆ ಎಷ್ಟೋ ಜನರ ಪಟ್ಟಿಯಲ್ಲಿ ಇನ್ನೊಂದು ಸಾಲು ಇರುತ್ತದೆ: ಮುಂಗಡಕ್ಕೆ ಹಿಡಿದದ್ದು. ನಿಮ್ಮ ಆ್ಯಪ್ ನಿಂತುಹೋಗಿರುವುದು ಬಹುಶಃ ಆ ಸಾಲಿನಲ್ಲಿ.

ಸಸಿ, ಗೊಬ್ಬರ, ಔಷಧಿ, ಗಿಡಕ್ಕೆ ಕಟ್ಟುವ ಕಡ್ಡಿ, ಇಷ್ಟಕ್ಕೆಲ್ಲ ನಾಟಿ ಸಮಯದಲ್ಲೇ ಕೈತುಂಬ ಹಣ ಬೇಕು. ಸಹಕಾರ ಸಂಘಗಳಲ್ಲಿ ಶೂನ್ಯ ಬಡ್ಡಿ ಬೆಳೆಸಾಲ ಇದೆ, ನಿಜ. ಆದರೆ ಬೇರೆಯವರ ಜಮೀನನ್ನು ಗುತ್ತಿಗೆಗೆ ಮಾಡಿದವರ ಹೆಸರಲ್ಲಿ ಪಹಣಿ ಇರಲ್ಲ. ಪಹಣಿ ಇದ್ದವರಿಗೂ ಸಾಲ ಮಂಜೂರಾಗುವ ಹೊತ್ತಿಗೆ ನಾಟಿ ಮುಗಿದಿರುತ್ತದೆ. ಒಂದು ಫೋನ್ ಮಾಡಿದರೆ ಸಾಕು, ಮಂಡಿಯವರು ಮುಂಗಡ ಹಣ ಕೊಡುತ್ತಾರೆ. ಬದಲಿಗೆ ಮಾಲು ಅವರ ಮಂಡಿಗೇ ಬರಬೇಕು. ಹೀಗಿರುವಾಗ ಎರಡು ರೂಪಾಯಿ ಜಾಸ್ತಿ ಕೊಡುವ ಖರೀದಿದಾರನನ್ನು ನೀವು ಫೋನಿನಲ್ಲಿ ತೋರಿಸಿದರೆ ರೈತ ಏನು ಮಾಡಬೇಕು? ಬೆಲೆಯಂತೂ ಬೆಳಿಗ್ಗೆಯೇ ವಾಟ್ಸಾಪ್ ಗ್ರೂಪಿನಲ್ಲಿ ಬಂದಿರುತ್ತದೆ. ಅವನಿಗೆ ಗೊತ್ತಿಲ್ಲದ್ದು ಏನೂ ಇಲ್ಲ.

ಇನ್ನೊಂದು ವಿಷಯ, ಬೆಲೆಯ ಏರಿಳಿತ. 2023ರ ಜುಲೈನಲ್ಲಿ ಇದೇ ಮಾರುಕಟ್ಟೆಯಲ್ಲಿ ಬಾಕ್ಸಿಗೆ 2,000 ರೂಪಾಯಿ ದಾಟಿತ್ತು. ಕೇಳುವವರಿಲ್ಲದೆ ರಸ್ತೆ ಬದಿಗೆ ಸುರಿದ ದಿನಗಳನ್ನೂ ನೀವು ನೋಡಿದ್ದೀರಿ. ಬೆಲೆ ಬಿದ್ದ ದಿನ ನಿಮ್ಮ ದೊಡ್ಡ ಖರೀದಿದಾರ ಸೈಜ್ ಸರಿಯಿಲ್ಲ ಅಂತ ಅರ್ಧ ಲೋಡ್ ವಾಪಸ್ ಕಳಿಸಬಹುದು. ಮಂಡಿಯಲ್ಲಿ ಗೋಲಿ ಗಾತ್ರದ ಕಾಯಿಗೂ ಏನೋ ಒಂದು ಬೆಲೆ ಕೂಗುತ್ತಾರೆ.

ಹಾಗಾದರೆ ಮಾಡಬಹುದಾದ್ದು ಏನು? ಹರೀಶ್ ಹಂದೆಯವರ ದಾರಿ ನೋಡಿ. 1995ರಲ್ಲಿ ಅವರು ಇನ್ನೊಬ್ಬರ ಜೊತೆ ಸೇರಿ ಸೆಲ್ಕೊ ಶುರು ಮಾಡಿದಾಗ ಬಡವರ ಮನೆಗೆ ಸೋಲಾರ್ ದೀಪ ಅನ್ನೋದನ್ನು ನಂಬುವವರು ಕಡಿಮೆ. ಅವರು ಬೆವರು ಸುರಿಸಿದ್ದು ಪ್ಯಾನೆಲ್ ಮೇಲಷ್ಟೇ ಅಲ್ಲ, ಬ್ಯಾಂಕ್ ಮ್ಯಾನೇಜರ್‌ಗಳ ಮುಂದೆ. ಮಲಪ್ರಭಾ ಗ್ರಾಮೀಣ ಬ್ಯಾಂಕಿನಂಥವು ಸೋಲಾರ್‌ಗೆ ಸಾಲ ಕೊಡಲು ಒಪ್ಪಿದ ಮೇಲೆಯೇ ದಾರಿ ತೆರೆಯಿತು. ತಿಂಗಳಿಗೆ 300 ರೂಪಾಯಿ ಅಂದರೆ ಕಷ್ಟ, ದಿನಕ್ಕೆ 10 ಅಂದರೆ ಕಟ್ಟಬಹುದು ಅಂತ ಬೀದಿ ಬದಿ ವ್ಯಾಪಾರಿಯೊಬ್ಬರು ಹೇಳಿದ್ದನ್ನು ಹಂದೆ ಹಲವು ಕಡೆ ನೆನೆದಿದ್ದಾರೆ. ಲೆಕ್ಕ ಎರಡೂ ಒಂದೇ. ಆದರೆ ವ್ಯಾಪಾರಿಯ ಕೈಗೆ ಹಣ ಬರುವುದು ದಿನದ ಲೆಕ್ಕದಲ್ಲಿ, ಕಂತೂ ಹಾಗೇ ಇರಬೇಕು. 2011ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಸೆಲ್ಕೊ ಇಂಡಿಯಾ ದಾನಕ್ಕೆ ನಿಂತ ಸಂಸ್ಥೆಯಲ್ಲ, ದೀಪ ಮಾರುವ ಕಂಪನಿ. ಅದರ ಫೌಂಡೇಶನ್ ಆಮೇಲೆ ಬಂದದ್ದು, ಬೇರೆಯೇ ಸಂಸ್ಥೆ.

ನಿಮ್ಮ ವಿಷಯದಲ್ಲೂ ಬೇರು ಇರುವುದು ಮುಂಗಡದಲ್ಲಿ. ಮಾರಾಟದ ಆ್ಯಪ್ ಪಕ್ಕಕ್ಕಿಟ್ಟು ಪಟ್ಟಿಯ ಲೆಕ್ಕ ಹಿಡಿಯಿರಿ. ಎರಡು ಮೂರು ಮಂಡಿಗಳಿಗೆ ಪಟ್ಟಿ ಬರೆಯುವ ಸಾಫ್ಟ್‌ವೇರ್ ಮಾಡಿಕೊಡಿ, ಅವರಿಂದ ತಿಂಗಳಿಗಿಷ್ಟು ಅಂತ ದುಡ್ಡು ತೆಗೆದುಕೊಳ್ಳಿ. ಒಂದೇ ಷರತ್ತು: ಪ್ರತಿ ಪಟ್ಟಿಯೂ ಅದೇ ಗಳಿಗೆಯಲ್ಲಿ ರೈತರ ಫೋನಿಗೆ ಕನ್ನಡದಲ್ಲಿ ಹೋಗಬೇಕು. ನಿಮ್ಮ ಕಡೆ ಎಷ್ಟೋ ಜನ ಮನೆಯಲ್ಲಿ ತೆಲುಗು ಮಾತಾಡುತ್ತಾರೆ, ಅದನ್ನೂ ಇಡಿ. ಒಂದೆರಡು ಬೆಳೆ ಕಳೆಯುವಷ್ಟರಲ್ಲಿ ಈ ರೈತ ಎಷ್ಟು ಮಾಲು ತಂದ, ಎಷ್ಟು ಮುಂಗಡ ತೀರಿಸಿದ ಅನ್ನುವ ದಾಖಲೆ ಅವರ ಕೈಯಲ್ಲೇ ಇರುತ್ತದೆ. ಪಹಣಿ ಇಲ್ಲದವರ ಬಗ್ಗೆ ಬ್ಯಾಂಕಿನಲ್ಲೋ ರೈತ ಉತ್ಪಾದಕರ ಕಂಪನಿಯಲ್ಲೋ ಮಾತಾಡಲು ಅದೊಂದು ಆಧಾರ. ಸಾಲ ಸಿಕ್ಕೇ ಸಿಗುತ್ತದೆ ಅಂತ ನಾನು ಹೇಳಲ್ಲ. ಆದರೆ ಇವತ್ತು ಆ ಕಾಗದ ಜೇಬಿನಲ್ಲೇ ಒದ್ದೆಯಾಗಿ ಹರಿದುಹೋಗುತ್ತಿದೆ.

ಮಂಡಿಯವರಿಂದಲೇ ದುಡ್ಡು ತೆಗೆದುಕೊಂಡರೆ ಊರವರು ಏನಂತಾರೆ ಅನ್ನಿಸಬಹುದು. ಅನ್ನಲಿ ಬಿಡಿ. ಉಚಿತ ಅಂದರೆ ಯಾರದ್ದೋ ಸಂಬಳ ಅದರಲ್ಲಿ ಕರಗುತ್ತಿದೆ ಅಂತ ಅರ್ಥ, ಸದ್ಯಕ್ಕೆ ಅದು ನಿಮ್ಮದು. ಮೊದಲ ಮಂಡಿ ನಿಮಗೆ ಮೊದಲ ತಿಂಗಳ ಹಣ ಕೊಟ್ಟು, ಎರಡನೇ ತಿಂಗಳೂ ಕೇಳದೆ ಕೊಟ್ಟರೆ ಆಗ ಅಪ್ಪನ ಜೊತೆ ಕೂತು ಮಾತಾಡಿ. ಮನೆ ಖರ್ಚಿಗೆ ಒಂದು ವರ್ಷದ ಹಣ ಪಕ್ಕಕ್ಕಿಟ್ಟಿದ್ದೀನಿ ಅಂತ ಪಾಸ್‌ಬುಕ್ ತೋರಿಸಿ. ಅಲ್ಲಿವರೆಗೂ ಬೆಂಗಳೂರಿನ ಕೆಲಸ ಇರಲಿ. ಬಂಗಾರಪೇಟೆಯಿಂದ ದಿನಾ ರೈಲಿನಲ್ಲಿ ಹೋಗಿಬರುವವರು ಬೇಕಾದಷ್ಟು ಜನ ಇದ್ದಾರಲ್ವಾ, ಅವರಲ್ಲಿ ಕೋಡ್ ಬರೆಯಲು ಒಬ್ಬರು ಜೊತೆಗಾರರೂ ಸಿಗಬಹುದು.

ಪ್ರಶ್ನೆ: ನಾನು ತುಮಕೂರಿನಲ್ಲಿ ಎಂಜಿನಿಯರಿಂಗ್ ಕೊನೇ ವರ್ಷದ ವಿದ್ಯಾರ್ಥಿನಿ. ಹಳ್ಳಿಗಳ ಶುದ್ಧ ನೀರಿನ ಘಟಕ ಕೆಟ್ಟರೆ ತಕ್ಷಣ ಪಂಚಾಯಿತಿಗೆ ಮೆಸೇಜ್ ಹೋಗುವ ಸಾಧನವನ್ನು ನಾವು ನಾಲ್ವರು ಮಾಡಿದ್ದೇವೆ. ಪಾವಗಡದ ಕಡೆ ಹಾಕುವ ಆಸೆ. ಲಾಭ ಬೇಡ, ಕಂಪನಿಗಳು ಸಮಾಜದ ಕೆಲಸಕ್ಕೆ ಇಡುವ ಸಿಎಸ್‌ಆರ್ ಹಣದಲ್ಲಿ ನಡೆಸೋಣ ಅಂತ, ಲಾಭಕ್ಕಲ್ಲದ ಸೆಕ್ಷನ್ 8 ಕಂಪನಿ ಮಾಡಬೇಕು ಅಂದುಕೊಂಡಿದ್ದೇವೆ. ಸರಿನಾ ಮೇಡಂ?

ಉತ್ತರ: ಆಸೆ ಚೆನ್ನಾಗಿದೆ, ಲೆಕ್ಕ ಸ್ವಲ್ಪ ತಪ್ಪಿದೆ ಪುಟ್ಟಿ. ಸಿಎಸ್‌ಆರ್ ಹಣ ಪಡೆಯಲು ಸಂಸ್ಥೆಗೆ ಆದಾಯ ತೆರಿಗೆ ವಿನಾಯಿತಿಯ 12ಎ, 80ಜಿ ನೋಂದಣಿ ಇರಬೇಕು, ಸಿಎಸ್‌ಆರ್-1 ಅರ್ಜಿ ಹಾಕಿ ಸಂಖ್ಯೆ ಪಡೆದಿರಬೇಕು. ಅದಾದ ಮೇಲೂ, ನಿಮ್ಮಂತೆ ಸ್ವತಂತ್ರವಾಗಿ ಕಟ್ಟಿದ ಸಂಸ್ಥೆ ಅದೇ ಬಗೆಯ ಕೆಲಸವನ್ನು ಕನಿಷ್ಠ ಮೂರು ವರ್ಷ ಮಾಡಿ ತೋರಿಸಿರಬೇಕು ಅಂತ ನಿಯಮ. ಇವತ್ತು ಕಂಪನಿ ಹುಟ್ಟಿದರೆ ಆ ಮೂರು ವರ್ಷ ಊಟಕ್ಕೇನು?

ಸೆಕ್ಷನ್ 8ರಲ್ಲಿ ಲಾಭ ಹಂಚಿಕೊಳ್ಳುವಂತಿಲ್ಲ. ಕೆಲಸ ಮಾಡಿದವರು ಸಂಬಳ ತೆಗೆದುಕೊಳ್ಳಬಹುದು, ಇದು ಬಹಳ ಜನಕ್ಕೆ ಗೊತ್ತಿಲ್ಲ. ಆದರೆ ಪಾಲು ಕೊಡಲಾಗದ ಕಡೆಗೆ ಹೂಡಿಕೆದಾರರು ಬರಲ್ಲ. ನನ್ನ ಸಲಹೆ ಪ್ರೈವೇಟ್ ಲಿಮಿಟೆಡ್. ನೀರಿನ ಕೆಲಸದಲ್ಲಿ ಆಗಲೇ ಹೆಸರು ಮಾಡಿರುವ ಒಂದು ಟ್ರಸ್ಟ್ ಅಥವಾ ಸಂಸ್ಥೆಯನ್ನು ಹಿಡಿಯಿರಿ. ಸಿಎಸ್‌ಆರ್ ಹಣ ಅವರಿಗೆ ಬರಲಿ, ಅವರು ನಿಮ್ಮಿಂದ ಸಾಧನ ಕೊಳ್ಳಲಿ, ನಿಮಗೆ ಬಿಲ್ ಸಿಗಲಿ. ವಸಂತನರಸಾಪುರದ ಕಾರ್ಖಾನೆಗಳಲ್ಲೂ ಕೇಳಿ ನೋಡಿ. ವರ್ಷದ ನಿವ್ವಳ ಲಾಭ 5 ಕೋಟಿ ರೂಪಾಯಿ ಮುಟ್ಟಿದ ಕಂಪನಿ, ಹಿಂದಿನ ಮೂರು ವರ್ಷದ ಸರಾಸರಿ ಲಾಭದ ನೂರಕ್ಕೆ 2ರಷ್ಟನ್ನು ಇದಕ್ಕೆ ಇಡಲೇಬೇಕು. ರಾಜ್ಯ ಸರ್ಕಾರದ ಎಲಿವೇಟ್ ಯೋಜನೆಗೂ ಅರ್ಜಿ ಹಾಕಿ. ಆಯ್ಕೆಯಾದರೆ 50 ಲಕ್ಷದವರೆಗೆ ಅನುದಾನ, ಕಂಪನಿಯಲ್ಲಿ ಪಾಲು ಕೇಳಲ್ಲ. ಹಣ ಕಂತಿನಲ್ಲಿ ಬರುತ್ತದೆ, ಅದನ್ನು ನೆಚ್ಚಿ ಮೊದಲೇ ಸಾಲ ಮಾಡಬೇಡಿ.

ಸಾಧನದ ಬಗ್ಗೆ ಒಂದು ಮಾತು, ನೀವು ಕೇಳದೇ ಇದ್ದರೂ. ನೀವು ಹಾಕಿರುವುದು ಟಿಡಿಎಸ್ ಸೆನ್ಸರ್ ಆಗಿದ್ದರೆ ಎಚ್ಚರ. ಪಾವಗಡದ ತೊಂದರೆ ಫ್ಲೋರೈಡ್. ಟಿಡಿಎಸ್ ಅಂದರೆ ಕರಗಿದ ಲವಣಗಳೆಲ್ಲದರ ಒಟ್ಟು ಲೆಕ್ಕ, ಅದರಲ್ಲಿ ಫ್ಲೋರೈಡ್ ಎಷ್ಟು ಅಂತ ಬೇರೆಯಾಗಿ ಕಾಣಲ್ಲ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಪರವಾಗಿಲ್ಲ ಅನ್ನುತ್ತದೆ ಭಾರತೀಯ ಮಾನಕ. ಆದ್ದರಿಂದ ಘಟಕ ಓಡುತ್ತಿದೆಯಾ, ನಿಂತಿದೆಯಾ ಅನ್ನೋದನ್ನು ಮಾತ್ರ ಹೇಳಿ. ‘ನೀರು ಸುರಕ್ಷಿತ’ ಅಂತ ಹಸಿರು ದೀಪ ತೋರಿಸಬೇಡಿ. ಆ ಮಾತನ್ನು ಲ್ಯಾಬ್ ಪರೀಕ್ಷೆಗೆ ಬಿಡಿ. ಇನ್ನೊಂದು: ಮೆಸೇಜ್ ಪಂಚಾಯಿತಿ ಅಧಿಕಾರಿ ಪಿಡಿಒಗೆ ಹೋದರೆ ಸಾಲದು. ಘಟಕ ರಿಪೇರಿ ಮಾಡುವ ಮೆಕ್ಯಾನಿಕ್‌ಗೂ, ದಿನಾ ಕ್ಯಾನ್ ಹಿಡಿದು ಬರುವ ಊರಿನ ಹೆಂಗಸರಲ್ಲಿ ಇಬ್ಬರಿಗೂ ಹೋಗಲಿ. ರಿಪೇರಿ ಬೇಗ ಆಗುವುದು ಆಗ.

ಪ್ರಶ್ನೆ: ಚಿಂತಾಮಣಿಯಲ್ಲಿ ಹತ್ತು ಹನ್ನೆರಡು ಹುಡುಗ ಹುಡುಗಿಯರಿಗೆ ಕೆಲಸ ಕೊಟ್ಟು, ಹೊರಗಿನ ಕಂಪನಿಗಳ ಡೇಟಾ ಕೆಲಸ ಮಾಡಿಸುವ ಆಫೀಸ್ ತೆರೆಯುತ್ತಿದ್ದೇನೆ. ನನ್ನ ಕೆಲಸದಿಂದ ಊರಿಗೆ ಉಪಯೋಗ ಅನ್ನಬಹುದಾ, ಅಥವಾ ಸುಮ್ನೆ ವ್ಯಾಪಾರನಾ?

ಉತ್ತರ: ವ್ಯಾಪಾರವೇ. ಊರಿಗೂ ಉಪಯೋಗವೇ. ಶ್ರೀಧರ್ ವೆಂಬು ಅವರ ಜೋಹೊ 2011ರಲ್ಲಿ ತಮಿಳುನಾಡಿನ ತೆಂಕಾಶಿ ಹತ್ತಿರದ ಮತ್ತಲಂಪಾರೈ ಹಳ್ಳಿಯಲ್ಲಿ ಆಫೀಸ್ ತೆರೆದಾಗ ಅಲ್ಲೂ ಮಾಡಿದ್ದು ಮಾರುವ ಸಾಫ್ಟ್‌ವೇರನ್ನೇ. ಅಷ್ಟು ದೂರ ಯಾಕೆ, ನಿಮ್ಮ ಜಿಲ್ಲೆಯ ಬಾಗೇಪಲ್ಲಿಯಲ್ಲೇ ರೂರಲ್‌ಶೋರ್ಸ್ ಗ್ರಾಮೀಣ ಬಿಪಿಒ ನಡೆಸಿತ್ತು. ಎರಡು ಬೇರೆ ಕಂಪನಿಗಳ ಇಂಟರ್ನೆಟ್ ಲೈನ್ ಹಾಕಿಸಿ, ಯುಪಿಎಸ್‌ನಲ್ಲಿ ಜುಗ್ಗತನ ಬೇಡ, ಪಿಎಫ್ ಮೊದಲ ತಿಂಗಳಿಂದಲೇ ಕಟ್ಟಿ. ಹುಡುಗಿಯರನ್ನು ತೆಗೆದುಕೊಳ್ಳುವ ಮುಂಚೆ ಸುತ್ತಲ ಹಳ್ಳಿಗಳಿಗೆ ಸಂಜೆಯ ಕೊನೇ ಬಸ್ ಎಷ್ಟು ಹೊತ್ತಿಗೆ ಅಂತ ಬಸ್‌ಸ್ಟ್ಯಾಂಡಿನಲ್ಲಿ ಕೇಳಿಕೊಂಡು, ಆಫೀಸಿನ ಸಮಯ ಅದಕ್ಕಿಂತ ಅರ್ಧ ಗಂಟೆ ಮೊದಲೇ ಮುಗಿಯುವ ಹಾಗೆ ಇಡಿ.