ಮೆತ್ತುವ ಮೊದಲು ಹುಡುಕಿ

ಪ್ರಶ್ನೆ: ನನ್ನದು ಬಿಎಸ್6 ಬುಲೆಟ್ 350. ಆರು ತಿಂಗಳ ಹಿಂದೆ ಹೊರಗಿನ ಸೈಲೆನ್ಸರ್ ಹಾಕಿಸಿದೆ. ಈಗ ಬೆಳಗ್ಗೆ ಸ್ಟಾರ್ಟ್ ಮಾಡಿದರೆ ಎಂಜಿನ್ ಬಳಿ ‘ಚಸ್ ಚಸ್’ ಎನ್ನುತ್ತದೆ. ಮುಳ್ಳಯ್ಯನಗಿರಿಯಿಂದ ಇಳಿಯುವಾಗ ಪಟಾಕಿ ಸಿಡಿದ ಹಾಗೆ ಸದ್ದು. ಎರಡು ಸಲ ಎಂ-ಸೀಲ್ ಮೆತ್ತಿದೆ, ಉದುರಿತು. ಹಳೆಯ ಸೈಲೆನ್ಸರ್ ಅಟ್ಟದಲ್ಲಿದೆ. ಏನು ಮಾಡಲಿ ಸರ್?
– ಓದುಗರೊಬ್ಬರು, ಆಲ್ದೂರು

ಉತ್ತರ: ಎಂ-ಸೀಲ್ ನೀರಿನ ಪೈಪಿಗೆ ಸರಿ, ಕೆಂಡದಂತೆ ಕಾಯುವ ಪೈಪಿಗೆ ಅಲ್ಲ. ಉದುರಿದ್ದು ಅದರ ತಪ್ಪಲ್ಲ.

ಮೊದಲು ಸೋರುವ ಜಾಗ ಹುಡುಕಿ. ಬೆಳಗ್ಗೆ, ಎಂಜಿನ್ ತಣ್ಣಗಿರುವಾಗ, ಬೈಕನ್ನು ಅಂಗಳಕ್ಕೆ ತನ್ನಿ. ಶೆಡ್ಡಿನೊಳಗೆ ಬೇಡ, ಆ ಹೊಗೆಗೆ ಜೀವ ತೆಗೆಯುವ ಗುಣವಿದೆ. ಸೋಪಿನ ನೀರನ್ನು ಜೋಡಣೆಗಳಿಗೆ ಸವರಿ ಸ್ಟಾರ್ಟ್ ಮಾಡಿದರೆ ಸೋರುವಲ್ಲಿ ನೊರೆ ಉಕ್ಕುತ್ತದೆ. ಕಾದ ಮೇಲೆ ಲೋಹ ಹಿಗ್ಗಿ ಸಂದು ತಾನೇ ಮುಚ್ಚಿಕೊಳ್ಳುವುದುಂಟು, ಆಗ ಹುಡುಕಿದರೆ ಸಿಗದು. ಕಪ್ಪು ಮಸಿಯ ಗೆರೆ ಕಂಡರಂತೂ ಸೋಪಿನ ಕೆಲಸವೂ ಇಲ್ಲ.

ನೀವು ಹೇಳುವ ಲಕ್ಷಣ ನೋಡಿದರೆ ಬೆಂಡ್ ಪೈಪು (ಎಂಜಿನ್ನಿನಿಂದ ಸೈಲೆನ್ಸರಿಗೆ ಹೋಗುವ ಬಾಗಿದ ಪೈಪು) ಎಂಜಿನ್ನಿನ ಮೇಲ್ಭಾಗವಾದ ಹೆಡ್ಡಿಗೆ ಸೇರುವ ಕಡೆ, ಸಂದು ಮುಚ್ಚುವ ಗ್ಯಾಸ್ಕೆಟ್ ಮೇಲೆ ನನಗೆ ಅನುಮಾನ. ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟಾಗ ಆ ಸಂದಿನಿಂದ ಹೊರಗಿನ ಗಾಳಿ ಒಳಕ್ಕೆ ಎಳೆದುಕೊಂಡು, ಉರಿಯದೆ ಬಂದ ಪೆಟ್ರೋಲ್ ಆವಿ ಪೈಪಿನಲ್ಲೇ ಸಿಡಿಯುತ್ತದೆ. ಅದೇ ಗಾಳಿ, ಹೊಗೆಯ ಆಮ್ಲಜನಕ ನೋಡಿ ಪೆಟ್ರೋಲಿನ ಅಳತೆಗೆ ಸುಳಿವು ಕೊಡುವ ಆಕ್ಸಿಜನ್ ಸೆನ್ಸರನ್ನೂ ಮೋಸಗೊಳಿಸಿದರೆ ಎಂಜಿನ್ ಬೇಡದ ಪೆಟ್ರೋಲ್ ಕುಡಿಯುತ್ತದೆ.

ಗ್ಯಾಸ್ಕೆಟ್ ಒಮ್ಮೆ ಅಮುಕಿದ ಮೇಲೆ ಮತ್ತೆ ಬಳಕೆಗೆ ಬಾರದು, ಹೊಸದು ಹಾಕಿ. ಹಳೆಯದು ಒಳಗೇ ಅಂಟಿಕೊಂಡಿರುತ್ತದೆ. ಅದರ ಮೇಲೆಯೇ ಹೊಸದನ್ನು ಕೂರಿಸುವ ಮಹನೀಯರೂ ಇದ್ದಾರೆ. ಹಳೆಯದನ್ನು ನಿಧಾನವಾಗಿ ಮೀಟಿ ತೆಗೆಯಿರಿ, ಹೆಡ್ ಅಲ್ಯೂಮಿನಿಯಂ, ಬೇಗ ಗೀರು ಬೀಳುತ್ತದೆ. ನಮ್ಮ ಮಲೆನಾಡಿನ ಮಳೆಗೆ, ಪೈಪನ್ನು ಹೆಡ್ಡಿಗೆ ಬಿಗಿಯುವ ಎರಡು ನಟ್ಟುಗಳು ತುಕ್ಕು ಹಿಡಿದಿರುತ್ತವೆ. ಹಿಂದಿನ ಸಂಜೆಯೇ ತುಕ್ಕು ಬಿಡಿಸುವ ಎಣ್ಣೆ ಬಿಟ್ಟಿಡಿ. ಕೆಲಸ ಕಲಿಯುವಾಗ ನಾನು ಅವಸರ ಮಾಡಿ ಸ್ಟಡ್ (ನಟ್ಟು ಕೂರುವ, ಹೆಡ್ಡಿಗೆ ನೆಟ್ಟ ಬೋಲ್ಟು) ಮುರಿದೆ. ‘ಟಕ್’ ಎಂದ ಸದ್ದಿಗೆ ಮೇಸ್ತ್ರಿ ಚಹಾದ ಲೋಟ ಕೆಳಗಿಟ್ಟು ನನ್ನನ್ನೇ ನೋಡಿದರು, ಬೈಯಲಿಲ್ಲ. ಡ್ರಿಲ್ ಹಾಕಿ ಆ ತುಂಡನ್ನು ತೆಗೆಯಲು ಇಡೀ ಮಧ್ಯಾಹ್ನ ಹೋಯಿತು.

ಇನ್ನು ಅಸಲಿ ರೋಗ. ಹೊರಗಿನ ಸೈಲೆನ್ಸರುಗಳ ಬ್ರ್ಯಾಕೆಟ್ ತೂತು ಚಾಸಿಯ ತೂತಿಗೆ ಒಂದೆರಡು ನೂಲು ತಪ್ಪಿರುತ್ತದೆ. ಬೋಲ್ಟಿನಿಂದ ಎಳೆದು ಕೂರಿಸಿದರೆ ಪೈಪು ಸದಾ ಬಿಗಿತದಲ್ಲಿದ್ದು ಗ್ಯಾಸ್ಕೆಟ್ಟಿನ ಒಂದು ಬದಿ ಬಾಯಿ ಬಿಡುತ್ತದೆ. ಆದ್ದರಿಂದ ಎಲ್ಲವನ್ನೂ ಸಡಿಲವಾಗಿ ಕೈಯಲ್ಲೇ ಕೂರಿಸಿ. ಹೆಡ್ಡಿನ ನಟ್ಟುಗಳನ್ನು ಅದಕ್ಕೊಂದು ಸುತ್ತು, ಇದಕ್ಕೊಂದು ಸುತ್ತು ಎಂದು ಬಿಗಿಯಿರಿ, ನಂತರ ಪೈಪಿಗೆ ಸೈಲೆನ್ಸರನ್ನು ಬಿಗಿಯುವ ಕ್ಲಾಂಪ್, ಕೊನೆಗೆ ಬ್ರ್ಯಾಕೆಟ್. ತೂತು ತಾನಾಗಿ ಕೂಡದಿದ್ದರೆ ಬ್ರ್ಯಾಕೆಟ್ಟನ್ನು ಸರಿಪಡಿಸಿ, ಪೈಪನ್ನು ಎಳೆಯಬೇಡಿ. ಪೈಪು ಸೈಲೆನ್ಸರಿಗೆ ಸೇರುವ ಹಿಂಬದಿಯ ಜೋಡಣೆ ಸಡಿಲವಿದ್ದರೆ ಲೇತ್‌ನವರಲ್ಲಿ ಸಂದು ತುಂಬುವ ತೆಳು ಸ್ಲೀವ್ (ಕೊಳವೆಯಂಥ ಬಳೆ) ಮಾಡಿಸಿ, ಎಗ್ಸಾಸ್ಟ್ ಪೇಸ್ಟ್ ಸವರಬಹುದು. ಗ್ಯಾಸ್ಕೆಟ್ ಬದಲು ಮೆತ್ತುವ ಕೆಂಪು ಸಿಲಿಕೋನ್ ಪೇಸ್ಟ್ ಹೆಡ್ಡಿನ ಬಾಯಿಯ ಶಾಖ ತಾಳದು. ಒಂದು ಸುತ್ತು ಓಡಿಸಿ, ತಣಿದ ಮೇಲೆ ನಟ್ಟುಗಳನ್ನು ಮತ್ತೊಮ್ಮೆ ನೋಡಿ.

ನೀವು ಕೇಳದ ಒಂದು ಮಾತು: ಸೋರಿಕೆ ನಿಂತರೂ ಅಬ್ಬರ ನಿಲ್ಲದಿದ್ದರೆ, 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ 190(2)ನೇ ಸೆಕ್ಷನ್ನಿನಡಿ ಮೊದಲ ಸಲವೇ 10,000 ರೂಪಾಯಿವರೆಗೆ ದಂಡ ಬೀಳಬಹುದು. ಹಳೆಯ ಸೈಲೆನ್ಸರನ್ನು ಗುಜರಿಗೆ ಕೊಡಬೇಡಿ. ಬ್ರ್ಯಾಕೆಟ್ ತೂತು ಹೊಂದಲೇ ಇಲ್ಲವೆಂದರೆ ಆ ಹಳೆಯ ಸೈಲೆನ್ಸರನ್ನೂ ಬೈಕಿನ ಜೊತೆ ನಮ್ಮ ಅಂಗಡಿಗೆ ತನ್ನಿ. ಭಾನುವಾರ ಮಾತ್ರ ಬೇಡ, ಅಂದು ಗಿರಿಗೆ ಹೊರಟವರ ಪಂಕ್ಚರುಗಳಿಗೇ ಹೊತ್ತು ಸಾಲದು.